ಸಹಿ ಹಾಕುವ ಕೈ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಬರ್ಕ್ಲಿ ಕಡೆಗೆ ಹೋಗುವ ಬಾರ್ಟ್ ರೈಲು ಮೆಕಾರ್ಥರ್ ನಿಲ್ದಾಣ ಬಿಟ್ಟ ಮೇಲೆ ಮೇಲ್ಸೇತುವೆಯಿಂದ ಇಳಿದು ನೆಲದ ಮಟ್ಟಕ್ಕಿಂತ ಕೆಳಗೆ ಸರಿಯುತ್ತದೆ. ಮುಂದಿನದೇ ಆ್ಯಶ್ಬಿ. ಅಲ್ಲಿಂದ ಮೇಲೆ ಬಂದರೆ ನಿಲ್ದಾಣಕ್ಕೆ ಅಂಟಿಕೊಂಡೇ ಒಂದು ಕಟ್ಟಡ. ಗಾಜಿನ ಮುಂಭಾಗದ ಹಿಂದೆ ಕೆಂಪು ಬಣ್ಣದ ಅಗಲವಾದ ರ‍್ಯಾಂಪ್ ಸುರುಳಿ ಸುತ್ತಿಕೊಂಡು ಮೇಲಿನ ಮಹಡಿಗೆ ಏರುತ್ತದೆ. ಎರಡು ವೀಲ್‌ಚೇರ್ ಎದುರುಬದುರಾದರೂ ಯಾರೂ ಯಾರಿಗೂ ದಾರಿ ಬಿಡಬೇಕಾಗಿಲ್ಲ. ಮೇಲಿನಿಂದ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. 2010ರಲ್ಲಿ ತೆರೆದ ಈ ಕಟ್ಟಡದ ಹೆಸರು ಎಡ್ ರಾಬರ್ಟ್ಸ್ ಕ್ಯಾಂಪಸ್.

ನಮ್ಮ ಎಷ್ಟೋ ಸರ್ಕಾರಿ ಕಚೇರಿಗಳಲ್ಲಿ ರ‍್ಯಾಂಪ್ ಇರುವುದು ಹಿಂಬದಿಯಲ್ಲಿ, ಸೈಕಲ್ ನಿಲ್ಲಿಸುವ ಕಡೆ. ಇಲ್ಲಿ ಅದೇ ಮನೆಯ ತೊಟ್ಟಿ, ಅದೇ ಜಗಲಿ. ನಡೆಯಬಲ್ಲವರೂ ಅದರ ಮೇಲೇ ಹತ್ತುತ್ತಾರೆ. ಕೋಲು ಹಿಡಿದ ಅಂಧ ಹೆಂಗಸೊಬ್ಬರು, ಕೈಸನ್ನೆಯಲ್ಲಿ ಜಗಳವಾಡುತ್ತ ನಗುತ್ತಿದ್ದ ಇಬ್ಬರು ಹುಡುಗರು, ಬೆನ್ನಿಗೆ ಉಸಿರಾಟದ ಯಂತ್ರ ಕಟ್ಟಿದ ವೀಲ್‌ಚೇರಿನಲ್ಲಿ ಫೋನಿನಲ್ಲಿ ಯಾರಿಗೋ ಗಟ್ಟಿಯಾಗಿ ಕೆಲಸ ಹೇಳುತ್ತಿದ್ದ ಮಧ್ಯವಯಸ್ಕ, ಇವರೆಲ್ಲ ನನ್ನನ್ನು ದಾಟಿ ಮೇಲೆ ಹೋದರು. ಯಾರೂ ಸಹಾಯ ಕೇಳಲು ಬಂದವರಂತೆ ಕಾಣಲಿಲ್ಲ. ಅವರದು ಕಚೇರಿಗೆ ತಡವಾದವರ ನಡಿಗೆ.

ನಾನು ಅಲ್ಲಿಗೆ ಹೋದದ್ದು ಒಂದು ಹಳೆಯ ಸರ್ಕಾರಿ ಅನುದಾನದ ಜಾಡು ಹಿಡಿದು. 1972ರಲ್ಲಿ ಅಮೆರಿಕದ ಫೆಡರಲ್ ಸರ್ಕಾರದ ಪುನರ್ವಸತಿ ಆಡಳಿತವು ಬರ್ಕ್ಲಿಯ ಕೆಲವು ಅಂಗವಿಕಲ ಯುವಕ ಯುವತಿಯರು ಕಟ್ಟಿಕೊಂಡಿದ್ದ ಪುಟ್ಟ ಸಂಸ್ಥೆಗೆ 50,000 ಡಾಲರ್ ಕೊಟ್ಟಿತು. ಆ ಸಂಸ್ಥೆಯೇ ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್, ಸ್ವತಂತ್ರ ಬದುಕಿನ ಕೇಂದ್ರ. ಸರ್ಕಾರಗಳು ಅಂಗವಿಕಲರ ಹೆಸರಿನಲ್ಲಿ ಹಣ ಕೊಡುವುದು ಅಂದಿಗೂ ಹೊಸತಲ್ಲ. ಆಸ್ಪತ್ರೆಗೆ, ಅನಾಥಾಲಯಕ್ಕೆ, ವಸತಿ ಶಾಲೆಗೆ, ಸೇವಾಶ್ರಮಕ್ಕೆ ಎಲ್ಲ ದೇಶಗಳಲ್ಲೂ ಕೊಟ್ಟಿದ್ದರು. ಹೊಸದಾಗಿದ್ದದ್ದು ಹಣ ಹಿಡಿದ ಕೈ. ಲೆಕ್ಕ ಬರೆಯುವವರು, ಖರ್ಚು ನಿರ್ಧರಿಸುವವರು, ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಹೇಳುವವರು ಸ್ವತಃ ಅಂಗವಿಕಲರು.

ಈ ಗುಂಪಿನ ಮೊದಲಿಗ, ಕಟ್ಟಡಕ್ಕೆ ಹೆಸರಾದ ಎಡ್ ರಾಬರ್ಟ್ಸ್‌ಗೆ ಪೋಲಿಯೊ ತಗುಲಿದ್ದು 1953ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ. ಕುತ್ತಿಗೆಯಿಂದ ಕೆಳಗೆ ಒಂದೆರಡು ಬೆರಳು ಬಿಟ್ಟರೆ ಹೆಚ್ಚೇನೂ ಅಲುಗದ ಸ್ಥಿತಿ. ರಾತ್ರಿಯ ಉಸಿರಾಟಕ್ಕೆ ಐರನ್ ಲಂಗ್ ಎಂಬ ಉಕ್ಕಿನ ಪೀಪಾಯಿಯೊಳಗೆ ಮಲಗಬೇಕಿತ್ತು. ಇನ್ನು ಈ ಹುಡುಗ ಸೊಪ್ಪುತರಕಾರಿಯಂತೆ ಬಿದ್ದಿರುತ್ತಾನೆ ಎಂಬರ್ಥದ ಮಾತನ್ನು ವೈದ್ಯರು ತಾಯಿಯ ಹತ್ತಿರ ಆಡಿದ್ದರು. ಆಮೇಲೆ ಆತ, ತರಕಾರಿಯೇ ಆಗಬೇಕಿದ್ದರೆ ನಾನು ಆರ್ಟಿಚೋಕ್ ಆಗುತ್ತೇನೆ, ಹೊರಗೆ ಮುಳ್ಳು, ಒಳಗೆ ಮೆತ್ತಗೆ ಎಂದು ಹೇಳುತ್ತಿದ್ದನಂತೆ. ಪ್ರೌಢಶಾಲೆ ಮುಗಿಸುವಾಗ, ಡ್ರೈವಿಂಗ್ ತರಗತಿ ಮತ್ತು ವ್ಯಾಯಾಮದ ತರಗತಿ ಪೂರೈಸಿಲ್ಲ ಎಂಬ ಕಾರಣಕ್ಕೆ ಪ್ರಮಾಣಪತ್ರ ಕೊಡಲು ಹಿಂಜರಿದರು. ತಾಯಿ ಜೋನಾ ರಾಬರ್ಟ್ಸ್ ಜಗಳವಾಡಿ ಅದನ್ನು ಪಡೆದಳು.

ಮುಂದೆ ಓದಲು ಹಣ ಬೇಕು. ಕ್ಯಾಲಿಫೋರ್ನಿಯಾ ರಾಜ್ಯದ ಪುನರ್ವಸತಿ ಇಲಾಖೆ ಅಂಗವಿಕಲರ ಓದಿಗೆ ನೆರವು ಕೊಡುತ್ತಿತ್ತು. ಆದರೆ ಓದಿದವರು ಕೆಲಸಕ್ಕೆ ಸೇರುವ ಸಂಭವ ಇರಬೇಕು. ಇಲಾಖೆಯವರು ರಾಬರ್ಟ್ಸ್‌ನ ಕಡತ ನೋಡಿ, ಇವನ ಅಂಗವೈಕಲ್ಯ ಬಹಳ ತೀವ್ರ, ಎಂದೂ ಉದ್ಯೋಗ ಮಾಡಲಾರ ಎಂದು ಅರ್ಜಿ ತಿರಸ್ಕರಿಸಿದರು. ವಿಷಯ ಪತ್ರಿಕೆಗಳಿಗೆ ಹೋದ ಮೇಲೆ ತೀರ್ಮಾನ ಬದಲಾಯಿತು. 1962ರಲ್ಲಿ ಆತ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದ. ಸುಮಾರು 800 ಪೌಂಡ್ ತೂಗುವ ಐರನ್ ಲಂಗ್ ಇಡಲು ಹಾಸ್ಟೆಲಿನಲ್ಲಿ ಜಾಗವಿಲ್ಲದ ಕಾರಣ ಕ್ಯಾಂಪಸ್ಸಿನ ಕೋವೆಲ್ ಆಸ್ಪತ್ರೆಯ ಒಂದು ಕೋಣೆಯನ್ನೇ ಮನೆ ಮಾಡಿಕೊಂಡ. 1975ರಲ್ಲಿ ಗವರ್ನರ್ ಜೆರ‍್ರಿ ಬ್ರೌನ್ ಇದೇ ಮನುಷ್ಯನನ್ನು ರಾಜ್ಯದ ಪುನರ್ವಸತಿ ಇಲಾಖೆಯ ನಿರ್ದೇಶಕನನ್ನಾಗಿ ನೇಮಿಸಿದರು. ಎಂದೂ ಉದ್ಯೋಗ ಮಾಡಲಾರ ಎಂದು ಷರಾ ಬರೆದ ಅದೇ ಇಲಾಖೆಗೆ.

ಈ ಕಥೆಯನ್ನು ಹೇಳುವವರೆಲ್ಲ ಇಲ್ಲಿಗೆ ನಿಲ್ಲಿಸುತ್ತಾರೆ, ಕೇಳುವವರಿಗೂ ರೋಮಾಂಚನವಾಗುತ್ತದೆ. ನನಗೆ ಮಾತ್ರ ನಡುವಿನ ಹದಿಮೂರು ವರ್ಷಗಳಲ್ಲೇ ಹೆಚ್ಚು ಆಸಕ್ತಿ. ಕೋವೆಲ್ ಆಸ್ಪತ್ರೆ ಇದ್ದ ಜಾಗ ನೋಡಬೇಕೆಂದು ಕ್ಯಾಂಪಸ್ಸಿನ ಪೂರ್ವದ ಏರು ಹತ್ತಿದೆ. ಆಸ್ಪತ್ರೆ ಈಗಿಲ್ಲ. ಅದನ್ನು ಕೆಡವಿ ಹಾಸ್ ಬಿಸಿನೆಸ್ ಸ್ಕೂಲ್ ಕಟ್ಟಿದ್ದಾರೆ. ಬೆಂಗಳೂರಿನಿಂದ ಬಂದು ಓದುತ್ತಿರುವ ಹುಡುಗಿಯೊಬ್ಬಳು ಅಂಗಳದಲ್ಲಿ ಸಿಕ್ಕಳು. ಇಲ್ಲೊಂದು ಆಸ್ಪತ್ರೆ ಇತ್ತು ಎಂದಾಗ ಆಶ್ಚರ್ಯಪಟ್ಟಳು. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅವಳಿಗೆ ಇಡೀ ಕಥೆ ಹೇಳಿದೆ. ಅವಳು ಕ್ಲಾಸಿಗೆ ಹೋಗುವುದನ್ನೂ ಮರೆತು ಕೇಳಿದಳು.

ರಾಬರ್ಟ್ಸ್ ಬಂದ ಮರುವರ್ಷ ಜಾನ್ ಹೆಸ್ಲರ್ ಎಂಬ ಎತ್ತರದ ಯುವಕ ಬಂದ, ಈಜಲು ಹಾರಿ ಕತ್ತು ಮುರಿದುಕೊಂಡವನು. ಆಮೇಲೆ ಇನ್ನೂ ಕೆಲವರು. ಅರವತ್ತರ ದಶಕದ ಕೊನೆಗೆ ಆಸ್ಪತ್ರೆಯ ಆ ಮಹಡಿಯಲ್ಲಿ ಹನ್ನೆರಡರಷ್ಟು ವಿದ್ಯಾರ್ಥಿಗಳಿದ್ದರು. ತಮಗೆ ರೋಲಿಂಗ್ ಕ್ವಾಡ್ಸ್ ಎಂದು ಹೆಸರಿಟ್ಟುಕೊಂಡಿದ್ದರು. ಅವರನ್ನು ಏಳಿಸಿ, ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ತರಗತಿಗೆ ತಳ್ಳಿಕೊಂಡು ಹೋಗುವ ಸಹಾಯಕರಿಗೆ ಕೊಡಲು ರಾಜ್ಯದಿಂದ ಒಂದಿಷ್ಟು ಹಣ ಬರುತ್ತಿತ್ತು. ಸಹಾಯಕರನ್ನು ವಿದ್ಯಾರ್ಥಿಗಳೇ ಹುಡುಕಿಕೊಂಡರು, ತಾವೇ ಕೆಲಸ ಕಲಿಸಿದರು, ಸರಿಬರದಿದ್ದರೆ ತಾವೇ ಬಿಡಿಸಿದರು. ಅದುವರೆಗೆ ಜೀವನದಲ್ಲಿ ಯಾರೋ ಏಳಿಸಿದಾಗ ಎದ್ದು, ಮಲಗಿಸಿದಾಗ ಮಲಗಿದವರು ಇವರು. ರಾತ್ರಿ ಹನ್ನೆರಡಕ್ಕೆ ಮಲಗುತ್ತೇನೆ ಎಂದು ಹೇಳುವ ಅಧಿಕಾರ ಎಂಥದೆಂದು ಅವರಿಗೆ ಗೊತ್ತಾದದ್ದು ಅಲ್ಲಿ. ಇಲಾಖೆಯ ಸಮಾಲೋಚಕಿಯೊಬ್ಬರು ಇಬ್ಬರು ವಿದ್ಯಾರ್ಥಿಗಳ ಪ್ರಗತಿ ಸಾಲದೆಂದು ಕಾರ್ಯಕ್ರಮದಿಂದ ತೆಗೆಯಲು ಹೊರಟಾಗ ಎಲ್ಲರೂ ಒಟ್ಟಾಗಿ ತಿರುಗಿಬಿದ್ದರು. ವರ್ಗವಾದದ್ದು ಸಮಾಲೋಚಕಿ. ಅವರ ಮೊದಲ ಚಳವಳಿ ನಡೆದದ್ದು ಹೆಚ್ಚಿನ ಹಣ ಕೇಳಲು ಅಲ್ಲ, ಬರುತ್ತಿದ್ದ ಹಣದ ಮೇಲೆ ಮಾತು ಯಾರದು ಎಂದು ಕೇಳಲು.

1970ರಲ್ಲಿ ಫೆಡರಲ್ ಅನುದಾನ ಪಡೆದು ವಿಶ್ವವಿದ್ಯಾಲಯದಲ್ಲಿ ಅಂಗವಿಕಲ ವಿದ್ಯಾರ್ಥಿಗಳ ಕಾರ್ಯಕ್ರಮವೊಂದನ್ನು ಅವರೇ ಶುರು ಮಾಡಿದರು. ಹೆಸ್ಲರ್ ಮುಖ್ಯಸ್ಥನಾದ. ಅಲ್ಲಿ ಕೊಡುತ್ತಿದ್ದ ಸೇವೆಗಳನ್ನು ನೋಡಿದರೆ ಅವು ಯಾವ ತಜ್ಞರ ಸಮಿತಿಯಿಂದಲೂ ಬಂದವಲ್ಲ ಎಂದು ತಿಳಿಯುತ್ತದೆ. ವೀಲ್‌ಚೇರ್ ಕೆಟ್ಟರೆ ಅದೇ ದಿನ ರಿಪೇರಿ ಮಾಡುವ ಅಂಗಡಿ. ನಂಬಿಕಸ್ತ ಸಹಾಯಕರ ಹೆಸರುಗಳ ಪಟ್ಟಿ. ಮೆಟ್ಟಿಲಿಲ್ಲದ ಬಾಡಿಗೆ ಮನೆಗಳ ಪಟ್ಟಿ. ರಾತ್ರಿ ಸಹಾಯಕ ಕೈಕೊಟ್ಟರೆ ಕರೆಯಲು ಒಂದು ನಂಬರು. ವೀಲ್‌ಚೇರಿನ ಬ್ಯಾಟರಿ ನಡುರಸ್ತೆಯಲ್ಲಿ ನಿಂತುಹೋದ ಅನುಭವ ಇದ್ದವರಿಗೆ ಮಾತ್ರ ರಿಪೇರಿ ಅಂಗಡಿಯ ಬೆಲೆ ಗೊತ್ತು. ಈ ಕಾರ್ಯಕ್ರಮದ ಬಾಗಿಲಿಗೆ ವಿದ್ಯಾರ್ಥಿಗಳಲ್ಲದ ಊರಿನವರೂ ಬರತೊಡಗಿದಾಗ ಅವರಿಗಾಗಿ ಊರಿನಲ್ಲೇ ಒಂದು ಕೇಂದ್ರ ಬೇಕಾಯಿತು. 1972ರ ಕೇಂದ್ರ ಹುಟ್ಟಿದ್ದು ಹೀಗೆ. ಆರಂಭದ ಕಚೇರಿ ಒಂದು ಸಣ್ಣ ಅಪಾರ್ಟ್‌ಮೆಂಟು.

ಅದನ್ನು ಕಟ್ಟಿದವರಲ್ಲಿ ಹೇಲ್ ಜೂಕಸ್ ಒಬ್ಬರು. ತೀವ್ರ ಸೆರೆಬ್ರಲ್ ಪಾಲ್ಸಿ. ಬರ್ಕ್ಲಿಯಲ್ಲಿ ಗಣಿತ ಓದಿದವರು. ತಲೆಗೆ ಕಟ್ಟಿಕೊಂಡ ಹೆಲ್ಮೆಟ್ಟಿನ ಕಡ್ಡಿಯಿಂದ ಅಕ್ಷರದ ಹಲಗೆ ಮುಟ್ಟಿ ಮುಟ್ಟಿ ಮಾತಾಡುತ್ತಿದ್ದರು. 1971ರಲ್ಲಿ ಬರ್ಕ್ಲಿ ನಗರಸಭೆ ರಸ್ತೆ ಮೂಲೆಗಳ ಫುಟ್‌ಪಾತ್ ಅಂಚನ್ನು ಇಳಿಜಾರು ಮಾಡಲು ಒಪ್ಪಿದ್ದರ ಹಿಂದೆ ಇವರ ಗೆಳೆಯರ ಬಳಗದ ಒತ್ತಾಯವಿತ್ತು. ಜೂಕಸ್ ಬೀದಿಬೀದಿ ಸುತ್ತಿ ಎಲ್ಲೆಲ್ಲಿ ಇಳಿಜಾರು ಬೇಕೆಂದು ಗುರುತು ಮಾಡಿದರು. ಟೆಲಿಗ್ರಾಫ್ ಅವೆನ್ಯೂದಲ್ಲಿ ನಡೆಯುವಾಗ ನಾನು ಬೇಕೆಂದೇ ಆ ಮೂಲೆಗಳಲ್ಲಿ ನಿಂತು ನೋಡಿದೆ. ಒಬ್ಬ ತಾಯಿ ಮಗುವಿನ ಗಾಡಿ ತಳ್ಳಿಕೊಂಡು ಇಳಿದಳು. ಒಬ್ಬ ಮುದುಕ ತಳ್ಳುಗಾಡಿ ಹಿಡಿದು ಇಳಿದ. ಪಾರ್ಸೆಲ್ ಹುಡುಗನ ಟ್ರಾಲಿ ಸರಾಗವಾಗಿ ಇಳಿಯಿತು. 2022ರಲ್ಲಿ ತೀರಿಕೊಂಡ ಜೂಕಸ್ ಅವರ ಹೆಸರು ಇವರಲ್ಲಿ ಎಷ್ಟು ಜನಕ್ಕೆ ಗೊತ್ತೋ. ನಾನಂತೂ ಪ್ರತಿ ಮೂಲೆಯಲ್ಲೂ ಅವರನ್ನು ಮನಸಾರೆ ನೆನೆದೆ.

ನಾನು ಹತ್ತಿದ ರೈಲಿನ ಲಿಫ್ಟುಗಳಿಗೂ ಇಂಥದೇ ಕಥೆಯಿದೆ. ಬಾರ್ಟ್ ರೈಲಿನ ನಕ್ಷೆ ತಯಾರಾದಾಗ ವೀಲ್‌ಚೇರಿನವರು ಪ್ರಯಾಣಿಕರ ಲೆಕ್ಕದಲ್ಲೇ ಇರಲಿಲ್ಲ. ಹೆರಾಲ್ಡ್ ವಿಲ್ಸನ್ ಎಂಬ, ತಾವೇ ವೀಲ್‌ಚೇರಿನಲ್ಲಿ ಓಡಾಡುತ್ತಿದ್ದ ಒಬ್ಬರು ಅರವತ್ತರ ದಶಕದಲ್ಲಿ ಅಧಿಕಾರಿಗಳ ಬೆನ್ನುಬಿದ್ದು ನಿಲ್ದಾಣಗಳಿಗೆ ಲಿಫ್ಟು ಹಾಕಿಸಿದರು. ಫ್ರೀಮಾಂಟ್‌ನಿಂದ ಮೆಕಾರ್ಥರ್‌ವರೆಗಿನ ಮೊದಲ ಹಾದಿ ತೆರೆದದ್ದು 1972ರ ಸೆಪ್ಟೆಂಬರಿನಲ್ಲಿ. ಸ್ವತಂತ್ರ ಬದುಕಿನ ಕೇಂದ್ರ ಶುರುವಾದದ್ದೂ ಅದೇ ವರ್ಷ.

ಆ ಹಾದಿಯ ಇನ್ನೊಂದು ತುದಿಯ ಫ್ರೀಮಾಂಟ್‌ನಲ್ಲಿ ನಾನು ಉಳಿದುಕೊಂಡಿದ್ದೆ. ನಮ್ಮ ದೊಡ್ಡಮ್ಮನ ಮಗನ ಮನೆ. ಅಣ್ಣ, ಅತ್ತಿಗೆ ಹಾಸನದಿಂದ ಬಂದು ದಶಕಗಳೇ ಆಗಿವೆ. ಅವರ ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಈಗ ಮೂವತ್ತರ ಹತ್ತಿರ. ಮಾತು ನಿಧಾನ, ಕೇಳುವವರಿಗೆ ತಾಳ್ಮೆ ಇದ್ದರೆ ಸ್ಪಷ್ಟ. ಕನ್ನಡ ಚೆನ್ನಾಗಿ ಬರುತ್ತದೆ. ಕೈ ಹಿಡಿತಕ್ಕೆ ಬರುವುದಿಲ್ಲ. ಎಡಗೈ ಬೆರಳಿನ ಗೆಣ್ಣಿನಿಂದ ಫೋನು ಒತ್ತುತ್ತಾನೆ. ಕಾಲೇಜೊಂದಕ್ಕೆ ಮನೆಯಿಂದಲೇ ಅರೆಕಾಲಿಕ ಕೆಲಸ ಮಾಡುತ್ತಾನೆ. ಅಂಧ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಕೇಳಿಸಿಕೊಳ್ಳಲು ಆಗುವಂತೆ ಪಠ್ಯಗಳನ್ನು ತಿದ್ದಿ ಕೊಡುವ ಕೆಲಸ.

ಬೆಳಿಗ್ಗೆ ಏಳಕ್ಕೆ ಒಬ್ಬ ಸಹಾಯಕ ಬರುತ್ತಾನೆ. ಏಳಿಸುವುದು, ಶೌಚ, ಸ್ನಾನ, ಶೇವಿಂಗು, ಬಟ್ಟೆ, ತಿಂಡಿ. ಸಂಜೆಗೆ ಇನ್ನೊಬ್ಬ. ಇವರಿಬ್ಬರ ಸಂಬಳ ಸರ್ಕಾರದ್ದು. ಕ್ಯಾಲಿಫೋರ್ನಿಯಾದಲ್ಲಿ 1973ರಿಂದ ನಡೆದುಬಂದಿರುವ ಈ ಯೋಜನೆಯನ್ನು ಎಲ್ಲರೂ ಐ.ಎಚ್.ಎಸ್.ಎಸ್. ಎಂದೇ ಕರೆಯುತ್ತಾರೆ. ಕೌಂಟಿಯ ಸಮಾಜ ಕಾರ್ಯಕರ್ತೆ ಮನೆಗೆ ಬಂದು, ಸ್ನಾನಕ್ಕೆ ಎಷ್ಟು ಹೊತ್ತು, ಉಣಿಸಲು ಎಷ್ಟು ಹೊತ್ತು, ಬಟ್ಟೆ ಒಗೆಯಲು ಎಷ್ಟು ಹೊತ್ತು ಎಂದು ಒಂದೊಂದನ್ನೂ ಅಳೆದು ತಿಂಗಳ ಗಂಟೆಗಳನ್ನು ಗೊತ್ತುಮಾಡುತ್ತಾಳೆ. ಹೆಚ್ಚೆಂದರೆ ತಿಂಗಳಿಗೆ 283 ಗಂಟೆ. ಫೆಡರಲ್ ಸರ್ಕಾರ, ರಾಜ್ಯ, ಕೌಂಟಿ ಮೂರೂ ಸೇರಿ ಹಣ ಹಾಕುತ್ತವೆ. ಸಹಾಯಕನನ್ನು ಆರಿಸುವುದು, ಕೆಲಸ ಕಲಿಸುವುದು, ಬೇಡವೆನಿಸಿದರೆ ಬಿಡಿಸುವುದು ಸೇವೆ ಪಡೆಯುವವನ ಹಕ್ಕು. ತಿಂಗಳಿಗೆ ಎರಡು ಸಲ ಸಹಾಯಕ ತಾನು ದುಡಿದ ಗಂಟೆಗಳನ್ನು ನಮೂದಿಸುತ್ತಾನೆ. ಅದನ್ನು ನಮ್ಮ ಹುಡುಗ ಒಪ್ಪಿದರೆ ಮಾತ್ರ ಸಂಬಳ ಬಟವಾಡೆ.

ಒಂದು ಸಂಜೆ ಅವನು ಒಪ್ಪಿಗೆ ಕೊಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದೆ. ದಿನದಿನದ ಗಂಟೆ ಓದಿಕೊಂಡ. ಮಂಗಳವಾರ ಸಹಾಯಕ ಬೇಗ ಹೋಗಿದ್ದ ಎಂದು ನೆನಪು ಮಾಡಿಕೊಂಡು, ಫೋನ್ ಮಾಡಿ ಕೇಳಿ, ತಿದ್ದಿಸಿದ. ಆಮೇಲೆ ಬೆರಳಿನ ಗೆಣ್ಣಿನಿಂದ ಒತ್ತಿದ. ಹಾಸನದಲ್ಲಿ ಅಜ್ಜಿ ಮನೆಗೆ ಬಂದಾಗಲೆಲ್ಲ ನೆಂಟರು ಇದೇ ಹುಡುಗನ ತಲೆ ಸವರಿ, ಅಯ್ಯೋ ಪಾಪ ಎಂದು ಅವನ ಎದುರಿಗೇ ಅಮ್ಮನನ್ನು ಕೇಳುತ್ತಿದ್ದರು, ಊಟ ಮಾಡ್ತಾನಾ? ಇಲ್ಲಿ ಅವನು ಇಬ್ಬರು ಸಂಸಾರಸ್ಥರ ಸಂಬಳಕ್ಕೆ ಸಹಿ ಹಾಕುವ ಯಜಮಾನ. ಅವನ ಮುಖದಲ್ಲಿ ಆಗ ಕಂಡ ಗಾಂಭೀರ್ಯ ನಮ್ಮ ಅಜ್ಜ ಕೊಯ್ಲು ಮುಗಿದು ಆಳುಗಳ ಲೆಕ್ಕ ಚುಕ್ತಾ ಮಾಡುವಾಗಿನದು.

ಈ ಏರ್ಪಾಡು ಮನೆಯೊಳಗೆ ಸುಲಭವಾಗಿ ಬರಲಿಲ್ಲ. ಯೋಜನೆಯಲ್ಲಿ ತಂದೆತಾಯಿಯೇ ಸಹಾಯಕರಾಗಿ ಸಂಬಳ ಪಡೆಯಲೂ ಅವಕಾಶವಿದೆ. ವರ್ಷಗಟ್ಟಲೆ ಅತ್ತಿಗೆಯೇ ಎಲ್ಲ ಮಾಡಿದ್ದರು. ಇಪ್ಪತ್ತೆರಡು ತುಂಬಿದ ಮೇಲೆ ಮಗ ಒಂದು ದಿನ, ಸ್ನಾನಕ್ಕೆ ಹೊರಗಿನವರನ್ನು ಇಟ್ಟುಕೊಳ್ಳುತ್ತೇನೆ ಎಂದ.

“ಎದೆ ಒಡೆದೋಯ್ತು ಕಣೆ ನಂಗೆ,” ಎಂದರು ಅತ್ತಿಗೆ. ಅಡುಗೆಮನೆಯಲ್ಲಿ ಅವರೆಕಾಳು ಸುಲಿಯುತ್ತ ಕುಳಿತಿದ್ದೆವು. “ಹೆತ್ತ ತಾಯಿ ಕೈ ಬೇಡ ಅಂದ್ನಲ್ಲ ಅಂತ ಒಂದು ವಾರ ಸರಿಯಾಗಿ ಮಾತಾಡ್ಲಿಲ್ಲ ನಾನು. ಅವ್ನೇ ಕೊನೆಗೆ ಕರೆದು ಕೂರಿಸ್ಕೊಂಡ. ಅಮ್ಮ, ನೀನು ನಂಗೆ ಸ್ನಾನ ಮಾಡಿಸಿ ಸುಸ್ತಾಗಿ ಮಲಗಿಬಿಡ್ತೀಯ. ನಂಗೆ ನಿನ್ ಜೊತೆ ಕೂತು ಟೀವಿ ನೋಡ್ಬೇಕು, ಜಗಳ ಆಡ್ಬೇಕು. ನೀನು ಅಮ್ಮ ಆಗಿರು ಅಂದ.”

ಕಾಳಿನ ತಟ್ಟೆ ಪಕ್ಕಕ್ಕಿಟ್ಟು ಅವರು ಮಾತು ಮುಂದುವರಿಸಿದರು. “ನನ್ ಸೊಂಟ ಈಗ ಮುಂಚಿನ ಹಾಗಿಲ್ಲ. ನಾವಿಬ್ರೂ ಹೋದ್ಮೇಲೆ ಏನು ಅನ್ನೋದು ಯಾವ ತಾಯಿಗೂ ರಾತ್ರಿ ನಿದ್ದೆ ಕೊಡಲ್ಲ. ಈಗ ಅವ್ನಿಗೆ ಕೆಲಸದವರನ್ನ ಇಟ್ಕೊಂಡು ನಡೆಸೋದು ಗೊತ್ತು. ಅದೊಂದು ಧೈರ್ಯ.”

ಮಗನನ್ನು ಕೇಳಿದೆ, ಮೊದಲ ಸಹಾಯಕನನ್ನು ಆರಿಸುವಾಗ ಹೆದರಿಕೆಯಾಗಲಿಲ್ಲವೇ ಎಂದು. “ಆಯ್ತು ಅತ್ತೆ. ಮೊದಲನೆಯವನು ತುಂಬಾ ಒಳ್ಳೆಯವನು, ಆದ್ರೆ ನನ್ನ ಬದಲು ಅವನೇ ಮಾತಾಡ್ತಿದ್ದ. ಅಂಗಡೀಲಿ ನಂಗೇನು ಬೇಕು ಅಂತ ಅವನೇ ಹೇಳ್ಬಿಡೋನು. ಬಿಡಿಸ್ದೆ. ಬಿಡಿಸಿದ ದಿನ ನಾನೂ ಅತ್ತುಬಿಟ್ಟೆ. ಆದ್ರೆ ಬಿಡಿಸೋಕೆ ಆಗುತ್ತೆ ಅಂತ ಗೊತ್ತಾಯ್ತಲ್ಲ, ಅಲ್ಲಿಂದ ಹೆದರಿಕೆ ಹೋಯ್ತು.” ಸಹಾಯಕರ ಸಂದರ್ಶನ ಹೇಗೆ ಮಾಡಬೇಕು, ಏನೇನು ಕೇಳಬೇಕು ಎಂಬುದನ್ನು ಅವನಿಗೆ ಕಲಿಸಿದ್ದು ಒಂದು ಸ್ವತಂತ್ರ ಬದುಕಿನ ಕೇಂದ್ರದಲ್ಲಿದ್ದ, ಅವನಂತೆಯೇ ವೀಲ್‌ಚೇರಿನಲ್ಲಿ ಬದುಕಿದ ಹಿರಿಯ ಹೆಂಗಸು.

ಈಗ ಬರುವ ಸಹಾಯಕನ ಮಾತನ್ನೂ ಹೇಳದೆ ಹೋದರೆ ಕಥೆ ಅರ್ಧವಾಗುತ್ತದೆ. ಫಿಲಿಪೀನ್ಸಿನಿಂದ ಬಂದವನು, ಇಬ್ಬರು ಮಕ್ಕಳ ತಂದೆ. ಈ ಮನೆ ಮುಗಿಸಿ ಒಬ್ಬ ವೃದ್ಧೆಯ ಮನೆಗೆ ಹೋಗುತ್ತಾನೆ. ಗಂಟೆಯ ಕೂಲಿ ಕಾಗದದ ಮೇಲೆ ದೊಡ್ಡದಾಗಿ ಕಂಡರೂ ಆ ಸೀಮೆಯ ಮನೆಬಾಡಿಗೆಯ ಮುಂದೆ ಸಣ್ಣದು. ಇನ್ನೊಬ್ಬರ ಮೈಯನ್ನು ದಿನವೂ ಗೌರವದಿಂದ ಮುಟ್ಟುವ ಕೆಲಸ ಲೋಕದ ಅತ್ಯಂತ ಕಷ್ಟದ ಕೆಲಸಗಳಲ್ಲೊಂದು ಎಂದು ನಾನು ನಂಬುತ್ತೇನೆ. ಅದಕ್ಕೆ ಇದಕ್ಕಿಂತ ಹೆಚ್ಚು ಸಲ್ಲಬೇಕು. ಬಂಧನದಂತೆ ಉಳಿದಿರುವ ಇನ್ನೊಂದು ನಿಯಮವೂ ಅಲ್ಲಿದೆ. ಬಡ ಅಂಗವಿಕಲರಿಗೆ ಫೆಡರಲ್ ಸರ್ಕಾರ ಕೊಡುವ ಎಸ್.ಎಸ್.ಐ. ಮಾಸಾಶನ ಪಡೆಯುವ ಒಂಟಿ ವ್ಯಕ್ತಿಯ ಉಳಿತಾಯ 2,000 ಡಾಲರ್ ದಾಟುವಂತಿಲ್ಲ. 1989ರಿಂದ ಆ ಮಿತಿ ಏರಿಲ್ಲ. ಸ್ವತಂತ್ರವಾಗಿ ಬದುಕು ಎಂದು ಒಂದು ಕೈ ಕೊಡುವುದು, ಕೂಡಿಡಬೇಡ ಎಂದು ಇನ್ನೊಂದು ಕೈ ತಡೆಯುವುದು, ಇದು ಅನ್ಯಾಯ.

ಇನ್ನೊಂದು ಸಹಿಗಾಗಿ ಹೋರಾಟ ನಡೆದ ಸ್ಯಾನ್ ಫ್ರಾನ್ಸಿಸ್ಕೋಗೆ ಹುಡುಗನೂ ನನ್ನ ಜೊತೆ ಬಂದ. ಸಿವಿಕ್ ಸೆಂಟರ್ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಯುನೈಟೆಡ್ ನೇಷನ್ಸ್ ಪ್ಲಾಜಾ. ಅದರ ಅಂಚಿಗೆ 50ನೇ ನಂಬರಿನ ಫೆಡರಲ್ ಕಟ್ಟಡ, ಬೂದು ಕಲ್ಲಿನ ಗಟ್ಟಿ ಕಟ್ಟಡ. 1973ರ ಪುನರ್ವಸತಿ ಕಾಯಿದೆಯಲ್ಲಿ 504 ಎಂಬ ಸಣ್ಣ ಕಲಮು ಸೇರಿಕೊಂಡಿತ್ತು. ಫೆಡರಲ್ ಸರ್ಕಾರದ ಹಣ ಪಡೆಯುವ ಯಾವ ಕಾರ್ಯಕ್ರಮವೂ ಅಂಗವೈಕಲ್ಯದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎಂಬುದು ಅದರ ಸಾರ. ಶಾಲೆ, ಆಸ್ಪತ್ರೆ, ವಿಶ್ವವಿದ್ಯಾಲಯ, ಬಸ್ಸು, ಗ್ರಂಥಾಲಯ, ಸರ್ಕಾರದ ಹಣ ಮುಟ್ಟದ ಸಂಸ್ಥೆ ಯಾವುದಿದೆ? ಆದ್ದರಿಂದಲೇ ಅದನ್ನು ಜಾರಿಗೊಳಿಸುವ ನಿಯಮಗಳಿಗೆ ಸಹಿ ಹಾಕಲು ಒಂದರ ಹಿಂದೆ ಒಂದು ಸರ್ಕಾರ ಮೀನಮೇಷ ಎಣಿಸಿತು.

1977ರ ಏಪ್ರಿಲ್ 5ರಂದು ಸುಮಾರು 150 ಜನ ಈ ಕಟ್ಟಡದೊಳಗೆ ಹೋಗಿ ಕುಳಿತರು. ಮುಂದಾಳು ಜೂಡಿತ್ ಹ್ಯೂಮನ್. ಪೋಲಿಯೊ ಆಗಿದ್ದ ಈಕೆಗೆ ನ್ಯೂಯಾರ್ಕಿನಲ್ಲಿ ಶಿಕ್ಷಕಿಯ ಪರವಾನಗಿ ನಿರಾಕರಿಸಿದ್ದರು. ಮೊಕದ್ದಮೆ ಹೂಡಿ ಅದನ್ನು ಪಡೆದು, ಆಮೇಲೆ ಬರ್ಕ್ಲಿಗೆ ಬಂದು ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದವರು. ಬೇರೆ ಊರುಗಳಲ್ಲೂ ನಡೆದ ಇಂಥ ಧರಣಿಗಳು ಬೇಗ ಮುಗಿದವು. ಇಲ್ಲಿಯದು ಮೂರು ವಾರ ದಾಟಿ ನಡೆಯಿತು. ಮಗ್ಗುಲು ಬದಲಿಸಲು ಇನ್ನೊಬ್ಬರು ಬೇಕಾದವರು, ಹೊತ್ತಿಗೆ ಸರಿಯಾಗಿ ಮೂತ್ರದ ನಳಿಕೆ ಬದಲಿಸಬೇಕಾದವರು ಕಚೇರಿಯ ನೆಲದ ಮೇಲೆ ಮಲಗಿದರು. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ದಿನವೂ ಬಿಸಿ ಊಟ ತಂದು ಬಡಿಸಿದರು. ಅವರ ಸಂಗಾತಿ, ವೀಲ್‌ಚೇರಿನಲ್ಲಿದ್ದ ಬ್ರಾಡ್ ಲೋಮ್ಯಾಕ್ಸ್ ಒಳಗಿದ್ದ. ಫೋನುಗಳನ್ನು ಕತ್ತರಿಸಿದಾಗ ಕಿವುಡ ಧರಣಿಗಾರರು ಕಿಟಕಿಯಲ್ಲಿ ನಿಂತು ಕೈಸನ್ನೆಯಿಂದ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು. ಒಂದು ತಂಡ ವಾಷಿಂಗ್ಟನ್‌ಗೆ ಹೋಗಿ, ಸಹಿ ಹಾಕಬೇಕಾಗಿದ್ದ ಮಂತ್ರಿಯ ಮನೆಯ ಮುಂದೆಯೇ ನಿಂತಿತು. ಏಪ್ರಿಲ್ 28ರಂದು ಮಂತ್ರಿ ಜೋಸೆಫ್ ಕ್ಯಾಲಿಫಾನೊ ಸಹಿ ಹಾಕಿದರು.

“ಕಿಟಕಿ ಯಾವುದು?” ಎಂದು ಹುಡುಗ ಕೇಳಿದ. ಆ ಮಂತ್ರಿಯ ಇಲಾಖೆ ಇದ್ದದ್ದು ನಾಲ್ಕನೇ ಮಹಡಿಯಲ್ಲಿ ಎಂದೆ. ಎರಡು ಬದಿಯಿಂದಲೂ ಸುತ್ತಿ ಬಂದು ನೋಡೋಣ ಎಂದು ಹಟ ಹಿಡಿದ. ಸುತ್ತಿದೆವು. ಅವನ ವೀಲ್‌ಚೇರು ನನಗಿಂತ ಮುಂದೆ ಓಡುತ್ತಿತ್ತು.

ಮರುವರ್ಷ, 1978ರಲ್ಲಿ, ಕಾಯಿದೆಗೆ ತಿದ್ದುಪಡಿಯಾಗಿ ಬರ್ಕ್ಲಿಯಂಥ ಕೇಂದ್ರಗಳಿಗೆ ದೇಶದಾದ್ಯಂತ ಅನುದಾನ ಕೊಡುವ ವ್ಯವಸ್ಥೆ ಬಂತು. 1992ರ ತಿದ್ದುಪಡಿ ಇನ್ನೂ ಮುಖ್ಯ. ಅನುದಾನ ಬೇಕಿದ್ದರೆ ಕೇಂದ್ರದ ಆಡಳಿತ ಮಂಡಳಿಯಲ್ಲೂ ನೌಕರರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಅಂಗವಿಕಲರೇ ಆಗಿರಬೇಕು. ಇಂದು ಫೆಡರಲ್ ಅನುದಾನ ಪಡೆಯುವ ಇಂಥ ಕೇಂದ್ರಗಳು 350ಕ್ಕೂ ಹೆಚ್ಚು. ಇಷ್ಟಾದರೂ ಕಾನೂನಿನ ಒಲವು ಇನ್ನೂ ಸಂಸ್ಥೆಗಳ ಕಡೆಗೇ. ಬಡವರ ಆರೋಗ್ಯ ಯೋಜನೆಯಾದ ಮೆಡಿಕೇಡ್‌ನಲ್ಲಿ ನರ್ಸಿಂಗ್ ಹೋಮಿನ ಖರ್ಚು ಭರಿಸುವುದು ಎಲ್ಲ ರಾಜ್ಯಗಳಿಗೂ ಕಡ್ಡಾಯ. ಮನೆಯಲ್ಲಿ ಸಹಾಯಕರನ್ನು ಒದಗಿಸುವ ಬಹುಪಾಲು ಸೇವೆಗಳು ರಾಜ್ಯದ ಇಚ್ಛೆಗೆ ಬಿಟ್ಟದ್ದು. ಹಾಗಾಗಿ ಬೊಕ್ಕಸ ಬತ್ತಿದಾಗ ಕತ್ತರಿ ಮೊದಲು ಬೀಳುವುದು ಮನೆಯ ಮೇಲೆ. ಮೆಡಿಕೇಡ್ ವೆಚ್ಚವನ್ನು ದೊಡ್ಡ ಪ್ರಮಾಣದಲ್ಲಿ ತಗ್ಗಿಸುವ ಕಾನೂನಿಗೆ 2025ರ ಜುಲೈ 4ರಂದು ಸಹಿ ಬಿದ್ದಿದೆ. ನಮ್ಮ ಹುಡುಗನ ಗಂಟೆಗಳಿಗೂ ಅದೇ ಮೂಲದ ಹಣ ಸೇರುತ್ತದೆ. ಅಣ್ಣ ರಾತ್ರಿ ಊಟದ ನಂತರ ಕೂತು ಆ ಸುದ್ದಿಗಳನ್ನೇ ಓದುತ್ತಿದ್ದ.

ಅಲ್ಲಿದ್ದಷ್ಟು ದಿನವೂ ನನ್ನ ಮನಸ್ಸು ಊರಿನ ಕಡೆಗೆ ಓಡುತ್ತಿತ್ತು. ನಮ್ಮಲ್ಲಿ ಇಂಥವರು ಇರಲಿಲ್ಲ ಎಂದಲ್ಲ. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ, ತಾವೇ ಪೋಲಿಯೊದಿಂದ ವೀಲ್‌ಚೇರಿನಲ್ಲಿದ್ದವರು, ಅಂಗವಿಕಲರ ಸಂಸ್ಥೆ ಎ.ಪಿ.ಡಿ.ಯನ್ನು ಕಟ್ಟಿದ್ದು 1959ರಲ್ಲಿ, ಬರ್ಕ್ಲಿಯ ಕೇಂದ್ರಕ್ಕಿಂತ ಹದಿಮೂರು ವರ್ಷ ಮೊದಲು. 2016ರ ನಮ್ಮ ಅಂಗವಿಕಲರ ಹಕ್ಕುಗಳ ಕಾಯಿದೆಯ 5ನೇ ಕಲಮು ಸಮುದಾಯದ ನಡುವೆ ಬದುಕುವ ಹಕ್ಕನ್ನು ಒಪ್ಪುತ್ತದೆ. ವೈಯಕ್ತಿಕ ಸಹಾಯಕರ ನೆರವಿನ ಮಾತನ್ನೂ ಬಾಯಿಬಿಟ್ಟು ಹೇಳುತ್ತದೆ. ಕಾನೂನಿನ ಮಾತಿಗೆ ಕೊರತೆಯಿಲ್ಲ. ಕೈಗೆ ಬರುವ ಹಣ ಬೇರೆ. ತೀವ್ರ ಅಂಗವೈಕಲ್ಯವಿರುವ ಬಡವರಿಗೆ ಕೇಂದ್ರ ಸರ್ಕಾರದ ಮಾಸಾಶನದ ಪಾಲು ತಿಂಗಳಿಗೆ 300 ರೂಪಾಯಿ. ಅದರ ಮೇಲೆ ರಾಜ್ಯ ತನ್ನದನ್ನು ಸೇರಿಸುತ್ತದೆ. ಕರ್ನಾಟಕದ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿಯಂಥ ಸ್ಥಿತಿಯಲ್ಲಿರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಎಂದು ಘೋಷಿಸಿದರು. ಮನೆಯಲ್ಲಿ ಮಾಡುವ ಆರೈಕೆಯೂ ದುಡಿಮೆಯೇ ಎಂದು ಸರ್ಕಾರ ಒಪ್ಪಿದ್ದು ನನಗೆ ದೊಡ್ಡ ಸಂಗತಿ. ಸಾವಿರ ರೂಪಾಯಿಗೆ ಸಹಾಯಕ ಸಿಗುವುದಿಲ್ಲ, ನಿಜ. ಆದರೂ ಆ ಹಣ ಕೊಡುವಾಗ ಆರೈಕೆ ಪಡೆಯುವವರನ್ನು ಒಂದು ಮಾತು ಕೇಳುವ ಏರ್ಪಾಡು ಇದ್ದರೆ, ಯಾರ ಆರೈಕೆ ಬೇಕೆಂದು ಅವರೇ ಹೇಳುವಂತಿದ್ದರೆ, ಇಂದೇ ಒಂದು ಬಾಗಿಲು ತೆರೆಯುತ್ತದೆ.

ಇನ್ನೊಂದು ಹಣ ನಮ್ಮ ಹಳ್ಳಿಗಳಲ್ಲೇ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳು ಸ್ವಂತ ಸಂಪನ್ಮೂಲದ ಶೇಕಡಾ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಜೊತೆಗೆ ಪಂಚಾಯಿತಿ ಮಟ್ಟದಲ್ಲಿ ವಿ.ಆರ್.ಡಬ್ಲ್ಯು. ಎಂದು ಎಲ್ಲರೂ ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಹೆಚ್ಚಿನವರು ಸ್ವತಃ ಅಂಗವಿಕಲರು, ಅತ್ಯಲ್ಪ ಗೌರವಧನಕ್ಕೆ ಮನೆಮನೆ ತಿರುಗುವವರು.

ಹಿಂದಿರುಗಿದ ಮೇಲೆ ನನ್ನ ತವರಿನ ಪಂಚಾಯಿತಿಯ ವಿ.ಆರ್.ಡಬ್ಲ್ಯು. ಹುಡುಗನನ್ನು ಹುಡುಕಿಕೊಂಡು ಹೋದೆ. ಒಂದು ಕಾಲಿಗೆ ಕ್ಯಾಲಿಪರ್, ಮೂರು ಚಕ್ರದ ಸ್ಕೂಟರು. ಪಂಚಾಯಿತಿ ಕಟ್ಟೆಯ ಮೇಲೆ ಕುಳಿತು ಫ್ರೀಮಾಂಟಿನ ಮನೆಯ ಲೆಕ್ಕ, ಗಂಟೆ, ಒಪ್ಪಿಗೆ ಎಲ್ಲ ಹೇಳಿದೆ. ನಡುವೆ ತಡೆದು ಕೇಳಿದ:

“ಅಂದ್ರೆ ಫಲಾನುಭವಿ ಒಪ್ಪದೆ ಕೆಲಸದವರಿಗೆ ಸಂಬಳ ಆಗಲ್ವಾ ಮೇಡಂ?”

“ಆಗಲ್ಲ.”

ಅವನು ಚೀಲದಿಂದ ನೋಟ್‌ಬುಕ್ಕು ತೆಗೆದ. ತನ್ನ ಪಟ್ಟಿಯಲ್ಲಿ ಒಬ್ಬಳು ಹೆಣ್ಣುಮಗಳಿದ್ದಾಳೆ, ಮೂವತ್ತೈದು ವರ್ಷ, ಹಾಸಿಗೆಯಲ್ಲೇ; ನೋಡಿಕೊಳ್ಳುತ್ತಿರುವ ತಾಯಿಗೆ ಈಗ ಎಪ್ಪತ್ತು ದಾಟಿದೆ, ಎತ್ತಲು ಆಗುತ್ತಿಲ್ಲ. ಪಕ್ಕದ ಮನೆಯ ಹೆಂಗಸು ದಿನಕ್ಕೆ ಎರಡು ಗಂಟೆ ಬರಲು ತಯಾರಿದ್ದಾಳೆ, ಕೂಲಿ ಬಿಟ್ಟು ಬರಬೇಕಲ್ಲ ಎನ್ನುತ್ತಾಳೆ. “ಐದು ಪರ್ಸೆಂಟಲ್ಲಿ ಟ್ರೈಸಿಕಲ್ಲು, ಔಷಧಿ ಖರ್ಚು ಅಂತ ಬರೀತೀವಿ. ಹಿಂಗೆ ಬರಿಬೋದಾ ಅಂತ ಯಾರೂ ಕೇಳೇ ಇಲ್ಲ. ಪಿಡಿಒ ಸಾಹೇಬ್ರನ್ನ ಕೇಳ್ತೀನಿ. ಆಗಲ್ಲ ಅಂದ್ರೆ ಯಾಕಾಗಲ್ಲ ಅಂತ ಬರ್ಕೊಡಿ ಅಂತೀನಿ. ನೀವು ಆ ಗಂಟೆ ಬರೆಯೋ ಫಾರಂ ಇದ್ರೆ ವಾಟ್ಸಾಪ್ ಮಾಡಿ.”

ಫ್ರೀಮಾಂಟಿಗೆ ಸಂದೇಶ ಹಾಕಿದೆ. ಅಲ್ಲಿ ಆಗ ಬೆಳಗಾಗಿರಲಿಲ್ಲ. ಸಂಜೆಯ ಹೊತ್ತಿಗೆ ಹುಡುಗನ ಉತ್ತರ ಬಂತು. ಹೆಸರುಗಳನ್ನು ಅಳಿಸಿ ಫಾರಮ್ಮಿನ ಚಿತ್ರ ಕಳಿಸಿದ್ದ. ಜೊತೆಗೆ ಧ್ವನಿಸಂದೇಶ, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ: “ಅತ್ತೆ, ಪಕ್ಕದ ಮನೆಯವರನ್ನ ಗೊತ್ತುಮಾಡೋಕೆ ಮುಂಚೆ ಅವರನ್ನ ಕೇಳೋಕೆ ಹೇಳಿ. ಆ ಅಕ್ಕನ್ನ. ಅವರಿಗೆ ಯಾರು ಬೇಕು ಅಂತ.”